ಅವ್ವನ ಪೆನ್ಸಿಲು, ಅಪ್ಪನ ಶಾಯಿ

ನನ್ನ ಅಪ್ಪ ದೊಡ್ಡ ವಿಜ್ಞಾನಿ. ಜಂಬಕ್ಕೆ ಹೇಳುತ್ತಿಲ್ಲ, ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಧಾರವಾಡದಿಂದ ಅಹಮದಾಬಾದಿಗೆ ಬಂದು, ಐವತ್ತು-ಅರವತ್ತರ ದಶಕಗಳಲ್ಲಿ ಬಲೂನು ಹಾರಿಸಿ ಮೇಲಿನ ಆಕಾಶದ ಗಾಳಿಯನ್ನು ಅಳೆದವನು. ಅವನು ಹೋಗಿ ಎಷ್ಟೋ ವರ್ಷಗಳಾದವು. ಈಗ ಶತಮಾನೋತ್ಸವ ಬಂತೆಂದು ಅವನು ದುಡಿದ ಸಂಸ್ಥೆಯವರು ಅಹಮದಾಬಾದಿನ ಬೋಪಾಲ್ ಬಡಾವಣೆಯ ನನ್ನ ಫ್ಲ್ಯಾಟಿಗೆ ಬಂದಿದ್ದರು. ಸಾಹೇಬರ ದಿನನಿತ್ಯದ ಪತ್ರಗಳನ್ನೆಲ್ಲ ಪ್ರದರ್ಶನಕ್ಕೆ ಇಡುತ್ತೇವೆ, ಕಚೇರಿಯ ಪತ್ರಗಳ ನಕಲು ನಮ್ಮಲ್ಲಿವೆ, ಮನೆಗೆ ಬರೆದವೂ ಬೇಕು ಎಂದರು. ಮನೆಯ ಪತ್ರಗಳು ವಡೋದರಾದಲ್ಲಿ, ಗೋರ್ವಾದ ನನ್ನ ತಮ್ಮನ ಹತ್ತಿರ ಇದ್ದವು. ಅದಕ್ಕೇನಂತೆ, ಕೊಡೋಣ ಎಂದು ಚಹಾ ಕುಡಿಸಿ ಕಳಿಸಿದೆ.

ಪತ್ರ ಬರೆಯುವುದೆಂದರೆ ಅಪ್ಪನಿಗೆ ಸ್ನಾನ ಊಟದ ಹಾಗೆ. ಇವತ್ತು ಬಂದ ಪತ್ರಕ್ಕೆ ಇವತ್ತೇ ಉತ್ತರ ಹೋಗಬೇಕು. ಆಕಾಶ ಯಾಕೆ ನೀಲಿ ಎಂದು ಕೇಳಿದ ಶಾಲೆಯ ಹುಡುಗನಿಗೂ, ಈ ವರ್ಷ ಮಳೆ ಹೇಗೆ ಎಂದು ಕೇಳಿದ ಹಳ್ಳಿಯ ರೈತನಿಗೂ, ವಿಯೆನ್ನಾದ ಪ್ರೊಫೆಸರಿಗೂ ಒಂದೇ ಶ್ರದ್ಧೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಮಾರಿಯಂತೂ ಅಲ್ಲ ಅವನು. ಮನೆಗೆ ಬಂದು ಹೋಗುವ ಬೀಗರ ಹಾಗಿದ್ದ. ತಿಂಗಳಲ್ಲಿ ಹದಿನೈದು ದಿನ ಮುಂಬೈ, ದೆಹಲಿ, ದಕ್ಷಿಣದ ಕರಾವಳಿ; ವರ್ಷಕ್ಕೊಮ್ಮೆ ಕಡಲಾಚೆ.

ಅಹಮದಾಬಾದಿನಲ್ಲಿ ಕರಕಸರ ಎಂಬ ಮಾತಿಗೆ ಬಹಳ ಮರ್ಯಾದೆ. ಕೈ ಬಿಗಿಹಿಡಿದು ಬದುಕುವುದು, ಚೂರನ್ನೂ ಹಾಳುಮಾಡದೆ ಇರುವುದು. ಮಿಲ್ಲಿನ ಮಾಲೀಕನೂ ಬಂದ ಲಕೋಟೆಯನ್ನು ಬಿಡಿಸಿ ಅದರ ಒಳಬದಿಯಲ್ಲಿ ಲೆಕ್ಕ ಹಾಕುವ ಊರು ಇದು. ಅಪ್ಪನಿಗೆ ಊರಿನ ಈ ಗುಣ ಬಂದ ವರ್ಷವೇ ಅಂಟಿತು. ಅವನು ಪ್ರವಾಸದಲ್ಲಿದ್ದಾಗ ಅವ್ವ ದಿನಾ ಒಂದು ಹಾಳೆಯ ಒಂದೇ ಬದಿಗೆ ಪತ್ರ ಬರೆದು ಅವನ ಕಚೇರಿಗೆ ಕೊಡಬೇಕು. ಅದು ಕಚೇರಿಯ ಟಪಾಲಿನ ಜೊತೆ ಅವನು ಇದ್ದಲ್ಲಿಗೆ ಹೋಗುತ್ತಿತ್ತು. ಅದೇ ಹಾಳೆಯ ಹಿಂದೆ ಅಪ್ಪ ಉತ್ತರ ಬರೆದು ಮನೆಗೆ ಕಳಿಸುತ್ತಿದ್ದ. ಅಪ್ಪನದು ನೀಲಿ ಶಾಯಿ. ಅವ್ವನದು ಪೆನ್ಸಿಲು, ಯಾಕೆಂದರೆ ಶಾಯಿಯಲ್ಲಿ ಬರೆದರೆ ಆ ಕಡೆಗೆ ಇಂಗಿ ಅಪ್ಪನ ಅಕ್ಷರ ಕೆಡುತ್ತದೆ.

ಹೊರಡುವ ದಿನದ ಹಾಳೆಯನ್ನು ಅವ್ವ ಅವನ ಕೈಗೇ ಕೊಡುತ್ತಿದ್ದಳು; ರಾತ್ರಿ ಮುಂಬೈ ಗಾಡಿ ಹತ್ತಿದರೆ ವಡೋದರಾ ಬರುವಷ್ಟರಲ್ಲಿ ಅಪ್ಪ ಪೆನ್ನು ತೆಗೆದಿರುತ್ತಿದ್ದ, ಸೂರತ್ ಸ್ಟೇಷನ್ನಿನಲ್ಲಿ ಇಳಿದು ಅಂಚೆ ಪೆಟ್ಟಿಗೆಗೆ ಹಾಕುತ್ತಿದ್ದ. ಮರುದಿನವೋ ಅದರ ಮರುದಿನವೋ ಹಾಳೆ ಮನೆಗೆ ಬರುತ್ತಿತ್ತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿ, ಮಡಿಚಿ, ಹಳೆಯ ಇಲಕಲ್ ಸೀರೆಯ ಗಂಟಿನಲ್ಲಿ ಇಡುತ್ತಿದ್ದಳು. ಬೇರೆಯವರ ಪತ್ರ ಓದುವುದು ಕಳ್ಳತನ ಎಂದು ಅಪ್ಪ ನಮಗೆ ಕಲಿಸಿದ್ದ. ಹಾಗಾಗಿ ಆ ಗಂಟನ್ನು ನಾವು ಮಕ್ಕಳು ಯಾರೂ ಮುಟ್ಟಲಿಲ್ಲ. ಅಪ್ಪ ಹೋದ ಮೇಲೆ ಮನೆ ಮಾರಿದೆವು. ಅವ್ವ ಸೂರತ್ತಿನ ಅಡಾಜಣ್‌ನಲ್ಲಿರುವ ನನ್ನ ತಂಗಿಯ ಮನೆಗೆ ಹೋದಳು, ಗಂಟು ತಮ್ಮನ ಮನೆಗೆ ಹೋಯಿತು.

ನಿಜ ಹೇಳಬೇಕೆಂದರೆ ನನಗೆ ಅಪ್ಪನ ಬದಿ ಬೇಕಾಗಿರಲಿಲ್ಲ. ಅಪ್ಪನ ಬಗ್ಗೆ ಪುಸ್ತಕಗಳಿವೆ, ಭಾಷಣಗಳಿವೆ, ಒಂದು ಸಭಾಂಗಣಕ್ಕೆ ಅವನ ಹೆಸರೇ ಇದೆ. ಅವ್ವ ಹತ್ತೊಂಬತ್ತಕ್ಕೆ ಮದುವೆಯಾಗಿ, ಒಂದಕ್ಷರ ಗುಜರಾತಿ ಬರದೆ, ಈ ಊರಿಗೆ ಬಂದವಳು. ಪಕ್ಕದ ಮನೆಯವರ ಜೊತೆ ಕೈಸನ್ನೆಯಲ್ಲೇ ವರ್ಷ ಕಳೆದಳಂತೆ. ಅವಳು ಆಗ ಏನು ಯೋಚಿಸುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು, ನಮಗೆ ಯಾರಿಗೂ ಗೊತ್ತಿಲ್ಲ. ಈಗ ಅವಳಿಗೆ ತೊಂಬತ್ತು. ಕಣ್ಣು ಕಾಣುವುದಿಲ್ಲ, ನೆನಪು ಬಂದರೆ ಬಂತು ಹೋದರೆ ಹೋಯಿತು. ಆ ಪೆನ್ಸಿಲಿನ ಬದಿಯಲ್ಲಾದರೂ ಅವಳು ಸಿಕ್ಕಾಳು ಎಂಬ ಆಸೆ ನನಗೆ ಹುಟ್ಟಿತು, ಹುಟ್ಟಿದ್ದೇ ತಡ, ಬಸ್ಸು ಹತ್ತಿ ಗೋರ್ವಾಕ್ಕೆ ಹೋದೆ.

ತಮ್ಮ ಬಣ್ಣದ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತನಾದವನು. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅವನು ಕಲಿತದ್ದೆಲ್ಲ ಗುಜರಾತಿ ಶಾಲೆಯಲ್ಲಿ; ಮನೆಯಲ್ಲಿ ಕನ್ನಡ ಅಕ್ಷರ ತಿದ್ದಿದವಳು ನಾನೊಬ್ಬಳೇ. ಅವನು ನನ್ನನ್ನು ಕೂರಿಸಿ, ಕಪಾಟಿನಿಂದ ದಪ್ಪ ಆಲ್ಬಮ್‌ಗಳನ್ನು ಎತ್ತಿ ತಂದು ಮುಂದಿಟ್ಟ. ಮುಖದಲ್ಲಿ ಹಿಡಿಸಲಾರದಷ್ಟು ಹಿಗ್ಗು. ಶತಮಾನೋತ್ಸವಕ್ಕೆಂದು ಒಂದೊಂದೇ ಪತ್ರವನ್ನು ದಪ್ಪ ರಟ್ಟಿಗೆ ಅಂಟಿಸಿದ್ದ. ಮೇಲೆ ಅಪ್ಪನ ನೀಲಿ ಅಕ್ಷರ. ಎಲ್ಲವೂ ಸುಕ್ಕಿಲ್ಲದೆ, ಇಸ್ತ್ರಿ ಮಾಡಿದ ಹಾಗೆ.

"ಬಡಿಗ್ಯಾರು ಹಚ್ಚೋ ಅಂಟು ಅಕ್ಕಾ. ನೂರು ವರ್ಷ ಬಿಡಾಂಗಿಲ್ಲ" ಎಂದ.

"ಹಿಂದಿನ ಬದಿ?"

"ಹಿಂದ ಅವ್ವಂದು. ಹಾಲು, ಕಾಯಿಪಲ್ಲೆ, ಏನೋ ಇರ್ತದ. ಅದು ಮಾಸೇ ಹೋಗಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. ನಾನು ಮೊದಲೇ ಸಿಡುಕಿ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವನ ಹೆಂಡತಿ, ಮೊಮ್ಮಕ್ಕಳು ಎದುರಿಗಿದ್ದಾರೆ ಎಂಬ ಪರಿವೆಯಿಲ್ಲದೆ ಬಾಯಿಗೆ ಬಂದಂತೆ ಬೈದೆ. ನಿನ್ನ ಇಂಜಿನಿಯರಿಕೆಗೆ ಬೆಂಕಿ ಹಾಕ ಎಂದೆ. ಅವನು ಮೊದಮೊದಲು ಏನು ತಪ್ಪಾಯಿತೆಂದೇ ತಿಳಿಯದೆ ನೋಡುತ್ತ ಕೂತಿದ್ದ, ಆಮೇಲೆ ತಿಳಿದು ಅವನ ಮುಖ ಇಳಿಯಿತು. ಪಾಪ, ಅವನಿಗೆ ಓದಲು ಬರದ ಎರಡು ಬದಿಗಳಲ್ಲಿ ಕಣ್ಣಿಗೆ ಚೆಂದ ಕಂಡದ್ದನ್ನು ಮೇಲಿಟ್ಟಿದ್ದ. ಪ್ರೀತಿಯಿಂದಲೇ ಮಾಡಿದ್ದ. ಅದು ಗೊತ್ತಿದ್ದರಿಂದಲೇ ನನ್ನ ಸಂಕಟ ಹೆಚ್ಚಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಹಾಗೆ, ಇಬ್ಬರೂ ಸೇರಿ ಆಲ್ಬಮ್‌ಗಳನ್ನು ಹೊತ್ತು ಅಹಮದಾಬಾದಿನ ಸಂಸ್ಥೆಗೆ ಹೋದೆವು.

ಅಲ್ಲಿ ಹಳೆಯ ಕಾಗದಪತ್ರಗಳನ್ನು ದುರಸ್ತಿ ಮಾಡುವ ಗುಜರಾತಿ ಹೆಂಗಸೊಬ್ಬಳಿದ್ದಾಳೆ. ಆಲ್ಬಮ್ಮನ್ನು ಓರೆಹಿಡಿದು ಬಹಳ ಹೊತ್ತು ನೋಡಿ ಹೇಳಿದಳು: ಈ ಅಂಟು ಒಣಗಿದ್ದಾಗ ಬಿಡಿಸಲು ಬರುವುದಿಲ್ಲ, ನೀರಿನಲ್ಲಿ ನೆನೆಸಬೇಕು. ನೆನೆಸಿದರೆ ಶಾಯಿ ತೊಳೆದು ಹೋಗುತ್ತದೆ. ಪೆನ್ಸಿಲು ನೀರಿಗೆ ಹೋಗುವುದಿಲ್ಲ, ಉಳಿದರೂ ಉಳಿಯಬಹುದು, ಭರವಸೆ ಕೊಡಲಾರೆ. ತಾಯಿಯ ಬರಹ ಬೇಕೆಂದರೆ ತಂದೆಯದನ್ನು ಬಿಡಬೇಕು ಎಂದಳು.

ಅಪ್ಪನ ಬದಿಯ ಫೋಟೊ ತೆಗೆದಿಟ್ಟುಕೊಂಡರೆ ಸಾಲದೇ ಎಂದು ನಾನು. ಅಪ್ಪನ ಕೈಯ ಅಕ್ಷರವನ್ನು ಬಚ್ಚಲ ನೀರಿಗೆ ಬಿಡುವುದೇ ಎಂದು ತಮ್ಮ. ಸಂಸ್ಥೆಯವರಿಗೂ ಮೂಲ ಪ್ರತಿಯೇ ಬೇಕಿತ್ತು. ಒಂದು ವಾರ ನಾವಿಬ್ಬರೂ ಫೋನಿನಲ್ಲಿ ಜಗಳಾಡಿದೆವು. ಕೊನೆಗೆ ಅವನೇ, ಅವ್ವನನ್ನು ಕೇಳು, ಅವಳು ಹೂಂ ಅಂದರೆ ನಾನೇ ನಿಂತು ತೋಯಿಸುತ್ತೇನೆ ಎಂದ. ಅವ್ವ ಹೂಂ ಅನ್ನುವುದಿಲ್ಲ ಎಂಬ ಧೈರ್ಯ ಅವನಿಗೆ. ಖರೆ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು.

ಅಪ್ಪನ ಬದಿಯನ್ನೆಲ್ಲ ಫೋಟೊ ತೆಗೆಸಿಕೊಂಡು ಸೂರತ್ತಿಗೆ ಹೋದೆ. ತಂಗಿಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅವ್ವನ ಕುರ್ಚಿ. ಮಧ್ಯಾಹ್ನ ಊಟವಾದ ಮೇಲೆ ಒಂದೊಂದೇ ಪತ್ರ ಓದಿ ಹೇಳತೊಡಗಿದೆ. ಇಲ್ಲಿ ವಿಪರೀತ ಚಳಿ. ನಿನ್ನೆಯ ಬಲೂನು ಸಮುದ್ರದ ಪಾಲಾಯಿತು. ಪ್ರೊಫೆಸರರ ಹೆಂಡತಿ ಅಕ್ಕಿ ಹಾಲಿನಲ್ಲಿ ಕುದಿಸಿ ಪಾಯಸದಂಥದೇನೋ ಮಾಡಿದ್ದರು. ಸೂರತ್ ಬಂತು, ಇಲ್ಲಿಗೆ ಮುಗಿಸುತ್ತೇನೆ. ಅಪ್ಪ ಬಹಳ ಚೆಂದ ಬರೆಯುತ್ತಿದ್ದ, ಸುಳ್ಳು ಹೇಳಬಾರದು. ಅವ್ವ ಕತ್ತು ವಾಲಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಹೀಗೆ ಎರಡು ಮೂರು ಮಧ್ಯಾಹ್ನ ಕಳೆದವು. ಒಂದು ದಿನ ಅವಳಾಗಿಯೇ ಕೇಳಿದಳು.

"ಊರಿಗೆ ಹೋಗಿ ಬರ್ಲೇನು ಅಂತ ನಾ ಕೇಳ್ತಿದ್ದೆ. ಅದೊಂದು ನೆನಪದ. ಅದಕ್ಕ ಏನು ಬರದಾರ ನೋಡು."

ಯಾವಾಗ ಎಂದೆ. ಬಂದ ಹೊಸತರಲ್ಲಿ, ಧಾರವಾಡಕ್ಕೆ, ತಾಯಿಯನ್ನು ನೋಡಲು. ಒಂದು ಸಲವಲ್ಲ, ದಿನಾ ಕೇಳುತ್ತಿದ್ದಳಂತೆ. ನಾನು ಫೋನಿನಲ್ಲಿ ಆ ವರ್ಷದ ಪತ್ರಗಳನ್ನೆಲ್ಲ ಹುಡುಕಿದೆ. ಆಮೇಲೆ ಅದರ ಮುಂದಿನ ವರ್ಷದವನ್ನು. ಕಣ್ಣು ಉರಿ ಬರುವ ತನಕ ಹುಡುಕಿದೆ. ಚಳಿ ಇತ್ತು, ಬಲೂನು ಇತ್ತು, ಮಂತ್ರಿಗಳು ಬಂದದ್ದಿತ್ತು. ಹೋಗಿ ಬಾ ಎಂದು ಇರಲಿಲ್ಲ. ಬೇಡ ಎಂದೂ ಇರಲಿಲ್ಲ. ಶಾಲೆಯ ಹುಡುಗನ ಪ್ರಶ್ನೆಗೆ ಎರಡು ಪುಟ ಉತ್ತರ ಬರೆಯುವ ಮನುಷ್ಯ, ತಾನು ಬರೆಯುತ್ತಿರುವ ಹಾಳೆಯ ಆಚೆ ಬದಿಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಫೋನು ಕೆಳಗಿಟ್ಟೆ. ಸಿಗಲಿಲ್ಲ ಅವ್ವಾ ಎಂದೆ.

ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಆಗ ನಾನು ಅಂಟಿನ ಕಥೆಯನ್ನೆಲ್ಲ ಹೇಳಿದೆ. ತಮ್ಮನನ್ನು ಬೈಯದೆ, ಎಷ್ಟು ಸಾಧ್ಯವೋ ಅಷ್ಟು ಮೆತ್ತಗೆ ಹೇಳಿದೆ. ನಿನ್ನದು ಬೇಕೆಂದರೆ ಅಪ್ಪನದು ಹೋಗುತ್ತದೆ, ಏನು ಮಾಡೋಣ ಎಂದು ಕೇಳಿದೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಕೂತಳು. ಕೆಳಗೆ ರಸ್ತೆಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ.

"ಅವರದು ಊರ ತುಂಬ ಅದ. ನಂದು ಅಲ್ಲಷ್ಟೇ ಅದ. ತೋಯ್ಸ್ರಿ" ಎಂದಳು.

ತಮ್ಮನಿಗೆ ಫೋನ್ ಮಾಡಿದೆ. ಅವ್ವ ಅಂದದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಸರಿ ಎಂದ. ಕೊಟ್ಟ ಮಾತಿಗೆ ತಪ್ಪುವವನಲ್ಲ ನನ್ನ ತಮ್ಮ. ಸಂಸ್ಥೆಯವರ ಜೊತೆ ಅವನೇ ವಾದಿಸಿ, ಮೊದಲು ಒಂದೇ ಒಂದು ಪತ್ರವನ್ನು ನೆನೆಸಿ ನೋಡಲು ಒಪ್ಪಿಸಿದ. ಅವ್ವ ಅಹಮದಾಬಾದಿಗೆ ಬಂದ ಮೊದಲ ವರ್ಷದ ಪತ್ರವನ್ನು ನಾನೇ ಆರಿಸಿಕೊಟ್ಟೆ. ಧಾರವಾಡದ ಮಾತು ಅದರಲ್ಲಿ ಇದ್ದೇ ಇರುತ್ತದೆ ಎಂದು ನನ್ನ ಲೆಕ್ಕ.

ಆ ಹೆಂಗಸು ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚನೆಯ ನೀರು ಹಾಕಿ ರಟ್ಟಿನ ಸಮೇತ ಹಾಳೆಯನ್ನು ಇಳಿಸಿದಳು. ಅಪ್ಪನ ಅಕ್ಷರ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅಂಚಿನಿಂದ ಬಿಡುತ್ತ ಬಂತು, ನೀರು ತಿಳಿನೀಲಿಯಾಯಿತು. ತಮ್ಮ ಗೋಡೆಯ ಕಡೆ ತಿರುಗಿ ನಿಂತ. ಅವಳು ಬಲು ನಾಜೂಕಾಗಿ ಹಾಳೆಯನ್ನು ರಟ್ಟಿನಿಂದ ಬಿಡಿಸಿ ಮಗುಚಿದಳು. ಏನೂ ಇರಲಿಲ್ಲ. ರಟ್ಟಿನ ಮೇಲೆ ಉಳಿದ ಅಂಟಿನ ಪೊರೆಯಲ್ಲಿ ಬೂದಿ ಬಣ್ಣದ ಗೀರುಗಳು ಮಾತ್ರ ಇದ್ದವು. ಅಂಟು ಕಾಗದದ ಮೇಲ್ಪದರವನ್ನೇ ಕಿತ್ತುಕೊಂಡಿತ್ತು. ನಾನು ಕನ್ನಡಕ ಹಾಕಿ, ಭೂತಗನ್ನಡಿ ಹಿಡಿದು, ಬೆಳಕಿಗೆ ಒಡ್ಡಿ ನೋಡಿದೆ. ಒಂದು ದೀರ್ಘ ಸಿಕ್ಕಿತು, ಒಂದು ಕೊಂಬು. ಕೂಡಿಸಿದರೆ ಒಂದು ಪದವೂ ಆಗಲಿಲ್ಲ.

ಅವಳು ಕ್ಷಮಿಸಿ ಎಂದಳು. ಕ್ಷಮೆ ಕೇಳಬೇಕಾದವಳು ಅವಳಲ್ಲ. ಅಪ್ಪನ ಬಗ್ಗೆ ತಿಳಿಯಲು ಮನೆಗೆ ಎಷ್ಟು ಜನ ಬಂದರು, ಎಲ್ಲರಿಗೂ ಅವ್ವ ಅವಲಕ್ಕಿ ಕಲಸಿ ಕೊಟ್ಟಳು. ನಿಮ್ಮ ಕಥೆ ಏನು ತಾಯಿ ಎಂದು ಅವರೂ ಕೇಳಲಿಲ್ಲ, ಹೆತ್ತ ಮಕ್ಕಳೂ ಕೇಳಲಿಲ್ಲ. ಆಗ ಅವಳ ಕಣ್ಣು ಕಾಣುತ್ತಿತ್ತು, ನೆನಪು ಗಟ್ಟಿಯಿತ್ತು, ನಮಗೆ ಪುರುಸೊತ್ತು ಇರಲಿಲ್ಲ.

ನಾವಿಬ್ಬರೂ ಸೇರಿಯೇ ಸೂರತ್ತಿಗೆ ಹೋದೆವು. ದಾರಿಯುದ್ದಕ್ಕೂ ಏನು ಸುಳ್ಳು ಹೇಳಬೇಕೆಂದು ನಾನು ಯೋಚಿಸುತ್ತಿದ್ದೆ. ಹಬ್ಬದ ಸುದ್ದಿ ಬರೆದಿದ್ದೆ, ಪಕ್ಕದ ಮನೆಯವರ ಸುದ್ದಿ ಬರೆದಿದ್ದೆ ಅನ್ನೋಣ ಎಂದುಕೊಂಡೆ. ಆದರೆ ಬಾಗಿಲು ದಾಟುತ್ತಲೇ ತಮ್ಮ ಹೋಗಿ ಅವಳ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತುಬಿಟ್ಟ.

"ಒಂದು ಪತ್ರ ತೋಯ್ಸಿದ್ವಿ. ನಿಂದು ಹೋತವ್ವಾ. ನಾ ಹಾಳು ಮಾಡ್ಬಿಟ್ಟೆ" ಎಂದ.

ಅವ್ವ ಕೈ ಚಾಚಿ ಹುಡುಕಿದಳು. ಅವನ ತಲೆ ಸಿಕ್ಕಿತು, ನೆರೆತ ಕೂದಲಲ್ಲಿ ಬೆರಳಾಡಿಸುತ್ತ ಕೇಳಿದಳು.

"ಅವರದು?"

"ಅವರದೂ ಹೋತು."

ಅವ್ವನ ಬೆರಳು ನಿಂತಿತು. ನಾನು ಅಳುತ್ತಾಳೆ ಎಂದುಕೊಂಡೆ.

"ಹಂಗಾರ ಸಮಾ ಆತು ಬಿಡು" ಎಂದಳು. "ಉಳದಿದ್ದು ಮುಟ್ಟಬ್ಯಾಡ್ರಿ."