ಸವೆಯದ ಸಾಬೂನು
ವಿದೇಶಿ ಖರೀದಿದಾರರ ಪರವಾಗಿ ಕೆಲಸಗಾರರ ಯೋಗಕ್ಷೇಮ ಪರೀಕ್ಷಿಸುವ ಲಮ್ಜೀದ್ ಬರುತ್ತಾನೆಂದರೆ ಮೊನಾಸ್ತಿರ್‌ನ ಜೀನ್ಸ್ ಕಾರ್ಖಾನೆಗಳ ಮಾಲೀಕರಿಗೆ ಹಿಂದಿನ ದಿನದಿಂದಲೇ ಗುಡಿಸಿ ತೊಳೆಸುವ ಗಡಿಬಿಡಿ; ಅವನು ಅವರ ಕಾಫಿ ಮುಟ್ಟುವವನಲ್ಲ, ಹಾರಿಸಾ ಖಾರ ಸವರಿದ ರೊಟ್ಟಿಯನ್ನು ಮನೆಯಿಂದಲೇ ಕಟ್ಟಿಕೊಂಡು ಬರುವವನು, ಗೋಡೆಗೆ ತೂಗುಹಾಕಿದ ಮಾನವ ಹಕ್ಕುಗಳ ಪ್ರಮಾಣಪತ್ರದ ಕಡೆ ಕಣ್ಣೆತ್ತಿಯೂ ನೋಡದೆ ನೆಟ್ಟಗೆ ಹೆಂಗಸರು ಕೈ ತೊಳೆಯುವ ಕಡೆ ಹೋಗಿ ಸಾಬೂನನ್ನು ಬೆಳಕಿಗೆ ಹಿಡಿಯುತ್ತಾನೆ. "ಇದರ ಮೇಲಿನ ಒಂದಕ್ಷರಾನೂ ಸವೆದಿಲ್ವಲ್ಲ ಸಾಹೇಬ್ರೆ! ಇನ್ನೂರು ಜನ ಕೈ ತೊಳೀತಾರೋ, ಬರೀ ಮೂಸಿ ನೋಡಿ ಹೋಗ್ತಾರೋ?" "ಅಯ್ಯೋ, ಹಳೇದು ಮುಗೀತು, ಈಗ್ತಾನೆ ಹೊಸದು ಇಟ್ವಿ," ಎಂದು ಮಾಲೀಕ ಬೆವರು ಒರೆಸಿಕೊಳ್ಳುತ್ತಾನೆ. "ಏನ್ ಸೋಜಿಗ ನೋಡಿ, ನಾನು ಹೋದ ದಿನಾನೇ ಎಲ್ಲಾ ಕಾರ್ಖಾನೇಲೂ ಸಾಬೂನು ಮುಗಿಯತ್ತೆ!" ಎಂದು ಲಮ್ಜೀದ್ ಬರೆದುಕೊಳ್ಳುತ್ತಾನೆ. ಈ ಗೀಳು ಎಲ್ಲಿಂದ ಬಂತೆಂದು ಯಾರೂ ಕೇಳಿಲ್ಲ. ಅವನ ಅಮ್ಮ ಇಂಥದೇ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಹೊಲಿದವಳು. ಬೆರಳಿಗಂಟಿದ ನೀಲಿ ತೊಳೆಯಲು ದಿನವೂ ಮನೆಯಿಂದ ಒಂದು ತುಂಡು ಸಾಬೂನನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಯಾವತ್ತಾದರೂ ಆ ತುಂಡು ಮನೆಯಲ್ಲೇ ಉಳಿದಿದ್ದರೆ, ಅಂದು ಅಮ್ಮನ ಕಾರ್ಖಾನೆಗೆ ತಪಾಸಣೆಯವರು ಬರುತ್ತಾರೆಂದು ಪುಟ್ಟ ಲಮ್ಜೀದನಿಗೆ ಗೊತ್ತಾಗುತ್ತಿತ್ತು.