ಕೆರೆಯಲ್ಲಿಲ್ಲದ ಹಾವು

ಪ್ರಾಣಿ ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಮೂವತ್ತೆರಡು ವರ್ಷ ಸೀಸೆಗಳಿಗೆ ಸ್ಪಿರಿಟ್ ತುಂಬಿಸಿದವನನ್ನು ಸೀಸೆಯಣ್ಣ ಎನ್ನದೆ ಇನ್ನೇನೆಂದು ಕರೆದಾರು? ಕೆಡದಂತೆ ಅದರಲ್ಲಿ ಮುಳುಗಿಸಿಟ್ಟ ಸತ್ತ ಕಪ್ಪೆ, ಹಲ್ಲಿ, ಹಾವು ಎಲ್ಲವೂ ಅವನ ಸಂಸಾರ. ಊಟದ ಡಬ್ಬಿ ತೊಳೆಯುವಾಗಲೂ ಅದೇ ವಾಸನೆ ಎಂದು ಹೆಂಡತಿ ಮೂಗು ಮುರಿಯುತ್ತಿದ್ದಳು. ಅಂಥವನು ಒಂದು ಸೀಸೆಯನ್ನು ಮಾತ್ರ, ಒಳಗಿನ ಹಾವಿನ ಮುಖ ಗೋಡೆಗೆ ಬರುವಂತೆ ತಿರುಗಿಸಿ ಇಟ್ಟಿದ್ದ.

ನೋಡಲು ನೀರೊಳ್ಳೆಯಂಥ, ಮೊಳದುದ್ದದ ಹಾವು. ಬಾವಿ ತೋಡುವವನೊಬ್ಬ ತಂದುಕೊಟ್ಟಿದ್ದ. ಎಲ್ಲಿ ಸಿಕ್ಕಿತೆಂದು ತಿಳಿಸುವ, ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು. ಪೆನ್ನಿನ ಶಾಯಿಯನ್ನು ಸ್ಪಿರಿಟ್ ನುಂಗಿಬಿಡುತ್ತದೆ. ಸೀಸೆಯಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಂದು ಪೆನ್ಸಿಲ್ ಮೊಂಡಾಗಿತ್ತು, ಜೇಬಿನಲ್ಲಿ ಪೆನ್ನಿತ್ತು. ಶುದ್ಧ ಸೋಮಾರಿತನ! ವಾರದೊಳಗೆ ಚೀಟಿ ಬೆಳ್ಳಗಾಯಿತು. ಬೈಗುಳಕ್ಕೆ ಹೆದರಿ, ನೆನಪಿಗೆ ಬಂದಂತೆ 'ದೊಡ್ಡ ಕೆರೆ' ಎಂದು ಹೊಸ ಚೀಟಿ ಬರೆದು ಹಾಕಿದ.

ಹಾವುಗಳ ಅಧ್ಯಯನ ಮಾಡುತ್ತಿದ್ದ ಮೇಡಂ ಅದರ ಹುರುಪೆ ಎಣಿಸಿ, "ಇದು ಯಾರೂ ಕಂಡಿರದ ಜಾತಿ ಕಣೋ!" ಎಂದು ಕುಣಿದಾಡಿದರು. ಲೇಖನವನ್ನೂ ಬರೆದರು. ಮರುತಿಂಗಳು ಬಾವಿಯವನು ದಾರಿಯಲ್ಲಿ ಸಿಕ್ಕಿ, "ಕಲ್ಲುಗಣಿ ಹೊಂಡದಿಂದ ತಂದ ಹಾವು ಏನಾಯ್ತಣ್ಣಾ?" ಎಂದಾಗಲೇ ಸೀಸೆಯಣ್ಣನಿಗೆ ತಾನು ಚೀಟಿಯಲ್ಲಿ ತಪ್ಪು ಬರೆದದ್ದು ತಿಳಿಯಿತು. ಹೇಳಿಬಿಡೋಣವೆಂದು ಮೇಡಂ ಕೋಣೆಯ ಬಾಗಿಲವರೆಗೆ ಹೋದ. ಒಳಗೆ ಅವರು ಯಾರೊಂದಿಗೋ ನಗುನಗುತ್ತಾ ಮಾತಾಡುತ್ತಿದ್ದರು. ಹಾಗೇ ತಿರುಗಿ ಬಂದ.

ಮೇಡಂ ಹನ್ನೊಂದು ಮಳೆಗಾಲ ದೊಡ್ಡ ಕೆರೆಯನ್ನು ಜಾಲಾಡಿದರು. ಒಂದೂ ಸಿಗಲಿಲ್ಲ. ಕಟ್ಟುಕಥೆ ಎಂದು ಜೊತೆಯವರು ಮೊದಲು ಬೆನ್ನ ಹಿಂದೆ ನಕ್ಕರು, ಆಮೇಲೆ ಎದುರಿಗೇ ನಕ್ಕರು. ಕೊನೆಗೆ ಮಂಡಿ ಸವೆದು ಮೇಡಂ ಮನೆ ಹಿಡಿದರು. ಇತ್ತ ಆ ಹಾವಿನ ಬಿಳಿಗಣ್ಣು ಸೀಸೆಯಣ್ಣನ ಬೆನ್ನು ಬಿಡಲಿಲ್ಲ. ಬಕೆಟ್ಟಿನ ನೀರು ಅಲುಗಿದರೂ ಬೆಚ್ಚಿಬೀಳುತ್ತಿದ್ದ. ಹೆಂಡತಿ ಏನೆಂದು ಕೇಳಿ ಕೇಳಿ ಸುಸ್ತಾಗಿ ಬಿಟ್ಟಳು.

ಕಳೆದ ವಾರ ಪತ್ರಿಕೆಯಲ್ಲಿ ಫೋಟೋ ಬಂತು. ಕಲ್ಲುಗಣಿಯ ಹೊಂಡದಲ್ಲಿ ಅದೇ ಜಾತಿಯ ಹಾವು, ಜೀವಂತವಾಗಿ. ಸೀಸೆಯಣ್ಣ ಚಪ್ಪಲಿ ಮೆಟ್ಟಿ ನೇರ ಮೇಡಂ ಮನೆಗೆ ನಡೆದ. ಅವರು ಕುರ್ಚಿಯಲ್ಲಿ ಕೂತು ಏನೋ ಬರೆಯುತ್ತಿದ್ದರು. ಅಷ್ಟು ಖುಷಿಯನ್ನು ಆ ಮುಖದಲ್ಲಿ ಅವನು ನೋಡಿ ಎಷ್ಟೋ ಕಾಲವಾಗಿತ್ತು.

"ಬಾರೋ! ನೋಡಿದ್ಯಾ? ಕೆರೆ ನೀರು ಕೆಟ್ಟಿದ್ದಕ್ಕೆ ಅದು ಗಣಿಗೆ ವಲಸೆ ಹೋಗಿದೆ. ನಾನು ಹುಡುಕೋ ಹೊತ್ತಿಗೆ ಜಾಗ ಖಾಲಿ ಮಾಡಿತ್ತು, ಅಷ್ಟೇ. ಅದನ್ನೇ ಬರೀತಿದೀನಿ. ಚೀಟಿ ನಿಂದೇ ಅಲ್ವಾ, ಸಾಕ್ಷಿಗೆ ನಿನ್ನ ಹೆಸರೂ ಹಾಕ್ತೀನಿ."

ಇನ್ನೊಂದು ಸುಳ್ಳು ಅವರ ಹೆಸರಿನಲ್ಲಿ ಅಚ್ಚಾಗುವುದಿತ್ತು, ಜನ ಮತ್ತೆ ನಗುವುದಿತ್ತು. ಸೀಸೆಯಣ್ಣ ನಿಂತಲ್ಲೇ ಹೇಳಿಬಿಟ್ಟ.

"ಅದು ಎಲ್ಲಿಗೂ ಹೋಗಿರಲಿಲ್ಲ ಮೇಡಂ. ಮೊದಲಿಂದ್ಲೂ ಗಣೀಲೇ ಇತ್ತು. ನಾನು ಚೀಟಿ ತಪ್ಪು ಬರೆದೆ."

"ನಿಂಗೆ ಯಾವಾಗ ಗೊತ್ತಾಯ್ತು?"

"ಮರುತಿಂಗಳೇ."

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

"ಪ್ರತಿ ವರ್ಷ ಬಲೆ ಹಿಡ್ಕೊಂಡು ನೀನೂ ನನ್ನ ಜೊತೆ ಆ ಕೆರೆಗೆ ಇಳೀತಿದ್ಯಲ್ಲೋ," ಎಂದರು.