ನಾಮಕರಣಕ್ಕೆ ಬಂದ ಊಜಿ ನೊಣಗಳು

ಮೂರು ವರ್ಷದ ಹಿಂದೆ, ಮಾವಿನಕಾಯಿ ಬಲಿಯುವ ಕಾಲದಲ್ಲಿ ನಡೆದದ್ದು. ರಾಯಲ್ಪಾಡಿನ ಹತ್ತಿರ ನಮ್ಮದೊಂದು ಸಣ್ಣ ಮಾವಿನ ತೋಟವಿದೆ. ಬೇಲಿಯಾಚೆಯ ದೊಡ್ಡ ತೋಟ ನನ್ನ ಗಂಡನ ಸೋದರಮಾವ ಚೆನ್ನರಾಯಪ್ಪನವರದು. ಆಗ ಹಣ್ಣಿನೊಳಗೆ ಮೊಟ್ಟೆಯಿಡುವ ಊಜಿ ನೊಣದ ಕಾಟ ವಿಪರೀತ. ಹಣ್ಣು ಕುಯ್ದರೆ ಒಳಗೆ ಹುಳು. ಶ್ರೀನಿವಾಸಪುರದ ಮಂಡಿಯಲ್ಲಿ ನಮ್ಮ ಕಾಯಿ ಕಂಡರೆ ಮುಖ ಸಿಂಡರಿಸುತ್ತಿದ್ದರು.

ನಾನು ತರಬೇತಿಗೆ ಹೋಗಿ ಮೋಹಕ ಬಲೆ ಕಟ್ಟುವುದನ್ನು ಕಲಿತು ಬಂದೆ. ಒಂದು ಬಗೆಯ ವಾಸನೆಯ ಎಣ್ಣೆಯನ್ನು ಡಬ್ಬಿಯೊಳಗಿಟ್ಟು ಮರಕ್ಕೆ ತೂಗುಹಾಕಿದರೆ ಗಂಡು ನೊಣಗಳು ಬಂದು ಸಿಕ್ಕಿಬೀಳುತ್ತವೆ. ಆದರೆ ನಾನೊಬ್ಬಳೇ ಕಟ್ಟಿದರೆ ಏನು ಬಂತು? ಮಾವನ ತೋಟದ ನೊಣಗಳಿಗೆ ಬೇಲಿ ಅಡ್ಡವೇ?

ನೀವೂ ಬಲೆ ಕಟ್ಟಿಸಿ ಎಂದು ಅದಕ್ಕೂ ಮೊದಲು ಎರಡು ವರ್ಷ ಅವರ ಬೆನ್ನು ಬಿದ್ದಿದ್ದೆ. ಅವರದು ಒಂದೇ ಉತ್ತರ: “ಮದ್ದು ಹೊಡೆದ್ರೆ ಘಾಟು ಮೂಗಿಗೆ ಬಡೀತೈತೆ, ಕೆಲ್ಸ ಆಯ್ತು ಅಂತ ಗೊತ್ತಾಗ್ತೈತೆ. ನಿನ್ ಡಬ್ಬಿ ಸುಮ್ನೆ ನೇತಾಡ್ತೈತೆ ಕಣಮ್ಮ.”

ಆ ವರ್ಷ ಅವರ ಮೊಮ್ಮಗಳ ನಾಮಕರಣ ಅವರ ತೋಟದ ಮನೆಯಲ್ಲೇ ಇತ್ತು. ರೇಷ್ಮೆ ಸೀರೆ ಉಟ್ಟು ಹೊರಟವಳು, ಒಂದು ಬಲೆ ಕಟ್ಟಿಯೇ ಹೋಗೋಣವೆಂದು ಶೀಶೆಯ ಮುಚ್ಚಳ ತೆಗೆದೆ. ಕೈಜಾರಿ ಎಣ್ಣೆ ಸೆರಗಿನ ಮೇಲೆ ಚೆಲ್ಲಿತು. ಒರೆಸಿಕೊಂಡು ಹೋದೆ.

ಮಾವಿನ ಮರಗಳ ಕೆಳಗೆ ಊಟದ ಪಂಕ್ತಿ. ಕೋಸಂಬರಿ ಬಡಿಸುವಾಗ ಒಂದು ನೊಣ ಬಂತು. ಅನ್ನ ಬರುವಷ್ಟರಲ್ಲಿ ಸೆರಗಿನ ಬಣ್ಣವೇ ಕಾಣದಷ್ಟು ಮುತ್ತಿಕೊಂಡಿದ್ದವು. ಪಕ್ಕದ ಅಜ್ಜಿ ಎಲೆ ಎಳೆದುಕೊಂಡು ದೂರ ಸರಿದು, “ಸ್ನಾನ ಮಾಡ್ಕೊಂಡು ಬಂದಿದ್ದೀಯೇನಮ್ಮಾ?” ಎಂದರು. ಎದ್ದು ಓಡಿದೆ; ನೊಣಗಳೂ ಹಿಂದೆಯೇ ಬಂದವು. ಪಾಯಸ ಬಡಿಸುತ್ತಿದ್ದ ನನ್ನ ಗಂಡ, ನಾನು ಯಾರೋ ಎನ್ನುವಂತೆ ಆ ಕಡೆ ತಿರುಗಿಕೊಂಡರು.

ಗಲಾಟೆ ಕೇಳಿ ಮಾವ ಬಂದರು. “ಏಮಮ್ಮಾ ಇದಿ?” ಎಂದು ತೆಲುಗಿನಲ್ಲಿ ಏನಿದೆಂದು ಕೇಳುತ್ತಾ ಒಂದು ನೊಣ ಹಿಡಿದು, ಕನ್ನಡಕ ಏರಿಸಿ ನೋಡಿದರು. “ಲೇ, ಇದು ಊಜಿ! ಇಷ್ಟೊಂದು ನಮ್ ತೋಟದಾಗೇ ಇದ್ವಾ?”

ನನಗೆ ಅಳುವೇ ಬಂದಿತ್ತು. “ಬಲೆಯ ಎಣ್ಣೆ ಚೆಲ್ಲಿಬಿಡ್ತು ಮಾವ. ಈ ವಾಸ್ನೆಗೆ ಬರೀ ಗಂಡು ನೊಣಗಳು ಬರ್ತಾವೆ,” ಎಂದೆ.

ಇಡೀ ಪಂಕ್ತಿ ಗೊಳ್ಳೆಂದು ನಕ್ಕಿತು. “ಹೆಂಡ್ತಿ ಮೇಲೆ ಒಂದ್ ಕಣ್ಣಿಟ್ಟಿರಪ್ಪೋ!” ಎಂದು ಯಾರೋ ನನ್ನ ಗಂಡನಿಗೆ ಕೂಗಿದರು. ಊಟ ಬಿಟ್ಟು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಮಾವ ಬಾಗಿಲಲ್ಲಿ ನಿಂತಿದ್ದರು. ಶುಭಕಾರ್ಯ ಕೆಡಿಸಿದ್ದಕ್ಕೆ ಬೈಯಲು ಬಂದರೆಂದು ಹೆದರಿದೆ. ಅವರು ತಲೆ ಕೆರೆದುಕೊಳ್ಳುತ್ತಾ ಕೇಳಿದರು: “ಆ ಸೀರೆ ಒಗೆದ್ಬಿಟ್ಟೇನಮ್ಮ? ಎರಡು ದಿನ ಕೊಟ್ರೆ ನಮ್ ತೋಟದಾಗೆ ಕಟ್ಕೊಂತಿದ್ದೆ.”

“ಸೀರೆ ಯಾಕೆ ಮಾವ? ಡಬ್ಬೀನೇ ಕೊಡ್ತೀನಿ.”

“ಡಬ್ಬೀಲೂ ಅದೇ ವಾಸ್ನೇನಾ? ಮೊದ್ಲೇ ಹೇಳಬಾರ್ದಿತ್ತಾ?”

ಒಳಗೆ ಹೋಗಿ ಡಬ್ಬಿಗಳನ್ನು ತಂದುಕೊಟ್ಟೆ. ಅವರು ಅಂದೇ ಬಲೆ ಕಟ್ಟಿಸಿದರು. ಸತ್ತ ನೊಣಗಳನ್ನು ಪೇಪರಿನ ಮೇಲೆ ಸುರಿದು ದಾರಿಹೋಕರನ್ನೆಲ್ಲ ಕರೆದು ತೋರಿಸತೊಡಗಿದರು. ಆ ವರ್ಷ ಹುಳು ಪೂರ್ತಿ ಹೋಗಲಿಲ್ಲ; ಆದರೆ ಎರಡೂ ತೋಟದಲ್ಲಿ ಎದ್ದು ಕಾಣುವಷ್ಟು ಕಡಿಮೆಯಾಯಿತು, ಮಾವ ಮದ್ದು ಹೊಡೆಯುವುದೂ ಕಡಿಮೆಯಾಯಿತು.

ಆ ಪಂಕ್ತಿ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೆ ಬಲೆಯ ಬಗ್ಗೆ ಯಾರಾದರೂ ಕೇಳಿದರೆ ನಾನೀಗ ಭಾಷಣ ಮಾಡುವುದಿಲ್ಲ. ಮರದ ಕೆಳಗೆ ಕೂರಿಸಿ, ಶೀಶೆಯ ಮುಚ್ಚಳ ತೆಗೆದಿಟ್ಟು, “ಸ್ವಲ್ಪ ಹೊತ್ತು ನೋಡ್ತಾ ಇರಿ, ಕಾಫಿ ತರ್ತೀನಿ,” ಎಂದು ಒಳಗೆ ಹೋಗುತ್ತೇನೆ.